ಕಬ್ಬಿನ ಕೆಂಪು ಕೊಳೆಗೆ ಗುರುತು ಹಾಕಲು ಬ್ರಷ್ಷೋ, ಲಾಸೋನೋ, ಪಾಲಿಗಾನೋ?

ಫೋಟೋ ಮೇಲೆ ಗುರುತು ಹಾಕುವ ಈ ಮೂರು ಸಾಧನಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರಷ್‌ಗೆ. ಕಂಪ್ಯೂಟರ್‌ಗೆ ರೋಗ ಗುರುತಿಸಲು ಕಲಿಸಲೆಂದು, ಮಂಡ್ಯದ ಮನೆಯಲ್ಲೇ ಕೂತು ಕಬ್ಬಿನ ರೋಗದ ಫೋಟೋಗಳಿಗೆ ಗುರುತು ಹಾಕುವ ಕೆಲಸ ನನ್ನದು. ಫೋಟೋ ಲೆಕ್ಕದಲ್ಲಿ ದುಡ್ಡು. ಮೈಸೂರಿಗೆ ಹೋದಾಗ ಮೂರು ಸಾವಿರದ ಒಳಗೆ ಒಂದು ಸಣ್ಣ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರ್‌ಗೆ ಜೋಡಿಸಿ ಪೆನ್‌ನಲ್ಲಿ ಬರೆಯುವ ಹಲಗೆ) ತಂದೆ. ದುಡ್ಡು ದಂಡವಾಗಲಿಲ್ಲ, ಅದು ಬ್ರಷ್‌ನ ಪುಣ್ಯ.

ಲಾಸೋದಲ್ಲಿ ಕೈಯಾರೆ ಗೆರೆ ಎಳೆದು ಸುತ್ತು ಹಾಕಬೇಕು. ನೋಡಲು ಸಲೀಸು. ಆದರೆ ಕೆಂಪು ಕೊಳೆ ಹಿಡಿದ ಜಲ್ಲೆಯನ್ನು ಉದ್ದಕ್ಕೆ ಸೀಳಿ ನೋಡಿ. ತಿರುಳೆಲ್ಲ ಕೆಂಪು, ನಡುನಡುವೆ ಅಡ್ಡಕ್ಕೆ ಬಿಳಿ ಮಚ್ಚೆ. ರೋಗ ಇದೇ ಅಂತ ಗೊತ್ತಾಗುವುದೇ ಆ ಬಿಳಿಯಿಂದ. ಕೆಲಸ ಕೊಟ್ಟವರು ಕೆಂಪು ಬೇರೆ, ಬಿಳಿ ಬೇರೆ ತೋರಿಸಿ ಅನ್ನುತ್ತಾರೆ. ನಾನು ಬಳಸಿದ ಲಾಸೋಗೆ ಸುತ್ತಿನ ಒಳಗಿರುವುದೆಲ್ಲ ಒಂದೇ.

ಅದೂ ಹೋಗಲಿ. ಗಿಣ್ಣಿನ ಹತ್ತಿರ ಪೆನ್ ತುದಿ ಒಂಚೂರು ಮೇಲೆದ್ದರೆ ಸಾಕು, ಮುಗಿಯಿತು ಅಂದುಕೊಂಡು ಮೊದಲ ಚುಕ್ಕೆಗೆ ನೇರ ಗೆರೆ ಎಳೆದು ಮುಚ್ಚಿಬಿಡುತ್ತದೆ. ಅರ್ಧ ಜಲ್ಲೆ ಹೊರಗೇ ಉಳಿಯುತ್ತದೆ.

ಸರಿ ಮಾಡೋಣ ಅಂತ ಹೋದರೆ ಗೆರೆಯ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಒಂದನ್ನು ಎಳೆದರೆ ಅಲ್ಲೊಂದು ಮೊನೆ ಏಳುತ್ತದೆ, ಪಕ್ಕದ್ದು ಅಲ್ಲಾಡುವುದಿಲ್ಲ. ಅಳಿಸಿ ಹೊಸದಾಗಿ ಬರೆಯುವುದೇ ವಾಸಿ.

ಬ್ರಷ್‌ನಲ್ಲಿ ಈ ರಗಳೆಯೇ ಇಲ್ಲ. ಕೆಂಪಿರುವ ಕಡೆಯೆಲ್ಲ ದಪ್ಪಗೆ ಬಳಿದು, ಆಮೇಲೆ ಇರೇಸರ್‌ನಲ್ಲಿ ಬಿಳಿ ಮಚ್ಚೆ ಒರೆಸಿದರಾಯಿತು. ಪೆನ್ ಎಷ್ಟು ಸಲ ಎತ್ತಿದರೂ ಪರವಾಗಿಲ್ಲ. ವಿಂಡೋಸ್ ಆದರೆ ಕಂಟ್ರೋಲ್ ಪ್ಯಾನೆಲ್‌ನ 'ಪೆನ್ ಆಂಡ್ ಟಚ್'ಗೆ ಹೋಗಿ, ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಪೆನ್ ಒಂದು ಕಡೆ ನಿಂತಾಗೆಲ್ಲ ಮೆನು ಎದ್ದು ಕೂರುತ್ತದೆ.

ಒಂದೊಂದೇ ಚುಕ್ಕೆ ಕ್ಲಿಕ್ ಮಾಡಿ ನೇರ ಗೆರೆಗಳಿಂದ ಸುತ್ತು ಹಾಕುವ ಪಾಲಿಗಾನ್ ಮೇಲೆ ನನ್ನ ದೂರಿಲ್ಲ. ಸೋಗೆಯ ನಡುನರದ ಮೇಲಿನ ಉದ್ದನೆಯ ಕೆಂಪು ಮಚ್ಚೆಗೆ ಮೌಸ್‌ನಲ್ಲಿ ನಾಲ್ಕಾರು ಕ್ಲಿಕ್ ಸಾಕು. ಸಿವಿಎಟಿ ಅನ್ನುವ, ಫೋಟೋಗೆ ಗುರುತು ಹಾಕುವ ತಂತ್ರಾಂಶದಲ್ಲಿ ಪಾಲಿಗಾನ್ ಹಾಕುವಾಗ ಶಿಫ್ಟ್ ಒತ್ತಿ ಹಿಡಿದರೆ ಕೈ ಓಡಿದಲ್ಲೆಲ್ಲ ಚುಕ್ಕೆ ತಾನೇ ಬೀಳುತ್ತದೆ, ಬಿಟ್ಟರೆ ಮತ್ತೆ ಕ್ಲಿಕ್. ಲಾಸೋ ಆಸೆಗೆ ಇಷ್ಟು ಸಾಕಲ್ವಾ?

ಫೋನಿನಲ್ಲಿ ಬೆರಳಿಂದ ಬರೆಯುವುದು ಬೇಡವೇ ಬೇಡ. ಗುರುತು ಹಾಕಬೇಕಾದ ಜಾಗವನ್ನೇ ಬೆರಳು ಮುಚ್ಚುತ್ತದೆ.

ಟ್ಯಾಬ್ಲೆಟ್‌ಗೆ ದುಡ್ಡಿಲ್ಲದವರು ಮೌಸ್‌ನಲ್ಲೇ ಬ್ರಷ್ ಹಿಡಿಯಿರಿ. ಅಂಚು ಸ್ವಲ್ಪ ಒರಟಾಗುತ್ತದೆ, ರಾತ್ರಿ ಮಣಿಕಟ್ಟು ನೋಯುತ್ತದೆ, ಅಷ್ಟೇ. ಬ್ರಷ್‌ನಿಂದ ಬರುವುದು ಪಿಕ್ಸೆಲ್ ಮಾಸ್ಕ್, ಅಂದರೆ ಫೋಟೋದ ಯಾವ ಯಾವ ಪಿಕ್ಸೆಲ್ ಬಳಿದಿದ್ದೇವೆ ಅನ್ನುವ ಗುರುತು. ಪಾಲಿಗಾನ್ ಫೈಲೇ ಬೇಕು ಅನ್ನುವವರೂ ಇದ್ದಾರೆ, ಕೆಲಸ ಒಪ್ಪಿಕೊಳ್ಳುವ ಮುಂಚೆ ಅದೊಂದು ಕೇಳಿಕೊಳ್ಳಿ.