ಸವಕಳಿ ಲೆಕ್ಕ ತಾಳೆಯಾಯಿತೆಂದು ಟಿಕ್ ಹಾಕುವ ಮುನ್ನ

ಸ್ಥಿರಾಸ್ತಿ (ವರ್ಷಗಟ್ಟಲೆ ಬಳಸುವ ಯಂತ್ರ, ಕಟ್ಟಡ ಇತ್ಯಾದಿ) ಆಡಿಟ್‌ನಲ್ಲಿ ಪದೇ ಪದೇ ಕೈಕೊಡುವ ಜಾಗ ಒಂದೇ. ಮೂಲ ಬೆಲೆಯನ್ನು ಆಯುಷ್ಯದಿಂದ ಭಾಗಿಸುತ್ತಾರೆ, ಬಂದ ಸವಕಳಿ (ಆ ಬೆಲೆಯಲ್ಲಿ ವರ್ಷವರ್ಷ ವೆಚ್ಚವಾಗಿ ಬರೆಯುವ ಪಾಲು) ಲೆಡ್ಜರ್‌ಗೆ ಹೊಂದಿದರೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಭಾಗಾಕಾರ ಸರಿಯಿದೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು. ಆ ಆಯುಷ್ಯ ನಿಜವೇ ಎಂದು ಯಾರೂ ನೋಡಿರುವುದಿಲ್ಲ.

ಹಾಗೆ ಎಡವಿದ ಒಂದು ಆಡಿಟ್‌ನ ಲೆಕ್ಕ, ದುಂಡು ಅಂಕಿಗಳಲ್ಲಿ: 80 ಲಕ್ಷದ ಯಂತ್ರ, 10 ವರ್ಷದ ಆಯುಷ್ಯ, ಸ್ಥಿರ ಕಂತಿನ ಪದ್ಧತಿ (ಪ್ರತಿ ವರ್ಷ ಒಂದೇ ಮೊತ್ತದ ಸವಕಳಿ), ಉಳಿಕೆ ಮೌಲ್ಯ, ಅಂದರೆ ಆಯುಷ್ಯ ಮುಗಿದಾಗ ಸಿಗುವ ಬೆಲೆ, ಸೊನ್ನೆ. 6 ವರ್ಷ ಮುಗಿದಾಗ ಪುಸ್ತಕ ಮೌಲ್ಯ (ಸವಕಳಿ ಕಳೆದು ಉಳಿದದ್ದು) 32 ಲಕ್ಷ. ಇನ್ನು 2 ವರ್ಷದ ನಂತರ ಬಿಡಿಭಾಗ ಸಿಗುವುದಿಲ್ಲವೆಂದು ತಯಾರಕರು ಬರೆದ ಪತ್ರ ನಿರ್ವಹಣಾ ವಿಭಾಗದ ಫೈಲಿನಲ್ಲಿತ್ತು. ಬದಲಿ ಯಂತ್ರ ಬಂಡವಾಳ ಬಜೆಟ್‌ನಲ್ಲೂ ಸೇರಿತ್ತು. ಇವೆರಡೂ ಲೆಕ್ಕಪತ್ರ ವಿಭಾಗಕ್ಕೆ ತಲುಪಿರಲಿಲ್ಲ, ಆಡಿಟ್ ತಂಡವೂ ಕೇಳಲಿಲ್ಲ. ವರ್ಷಕ್ಕೆ 16 ಲಕ್ಷ ಸವಕಳಿ ಹಾಕಬೇಕಾದಲ್ಲಿ 8 ಲಕ್ಷವೇ ಬಿತ್ತು. ಎರಡು ವರ್ಷ ಲಾಭ ತಲಾ 8 ಲಕ್ಷ ಉಬ್ಬಿತು. ಯಂತ್ರ ಕಳಚಿದಾಗ 16 ಲಕ್ಷ ಒಮ್ಮೆಲೇ ನಷ್ಟವಾಗಿ ಬಂತು.

ಆಯುಷ್ಯ ಮತ್ತು ಉಳಿಕೆ ಮೌಲ್ಯವನ್ನು ವರ್ಷಕ್ಕೊಮ್ಮೆಯಾದರೂ, ವರ್ಷಾಂತ್ಯಕ್ಕೆ, ಮರುಪರಿಶೀಲಿಸಬೇಕೆಂದು ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 16 ಹೇಳುತ್ತದೆ. 'ನಮ್ಮ ನೀತಿ ಬದಲಾಗಿಲ್ಲ' ಎಂಬ ಉತ್ತರ ಮರುಪರಿಶೀಲನೆಯಲ್ಲ. ನಿರ್ವಹಣೆಯ ಎಂಜಿನಿಯರ್ ಜೊತೆ ನೇರವಾಗಿ ಮಾತಾಡಿ. ಬಜೆಟ್, ದುರಸ್ತಿ ವೆಚ್ಚದ ಏರಿಕೆ, ಕಟ್ಟಡದ ಗುತ್ತಿಗೆ ಮುಗಿಯುವ ದಿನ ಇವನ್ನು ಆಸ್ತಿ ರಿಜಿಸ್ಟರ್ ಪಕ್ಕದಲ್ಲಿಟ್ಟು ಓದಿ.

ಎಲ್ಲಕ್ಕಿಂತ ಬಲವಾದ ಪುರಾವೆ ಮಾರಿದ, ತೆಗೆದುಹಾಕಿದ ಆಸ್ತಿಗಳ ಪಟ್ಟಿ. ಹಿಂದಿನ ಅಂದಾಜುಗಳು ಕೊನೆಗೆ ಏನಾದವು ಎಂದು ನೋಡುವುದನ್ನು ಅಂತರರಾಷ್ಟ್ರೀಯ ಆಡಿಟ್ ಮಾನದಂಡ ಐಎಸ್‌ಎ 540 ಕೂಡ ಕೇಳುತ್ತದೆ. ಮೂರು ವರ್ಷದಲ್ಲಿ ತೆಗೆದುಹಾಕಿದ ಆಸ್ತಿಗಳನ್ನು ವರ್ಗವಾರು ಜೋಡಿಸಿ. ಒಂದೇ ವರ್ಗದಲ್ಲಿ ಸತತ ನಷ್ಟವೆಂದರೆ ಆಯುಷ್ಯ ಉದ್ದ ಹಿಡಿದಿದ್ದಾರೆ, ಇಲ್ಲವೇ ಉಳಿಕೆ ಮೌಲ್ಯ ಜಾಸ್ತಿಯಾಗಿದೆ. ಸತತ ಲಾಭ, ಅಥವಾ ಪುಸ್ತಕದಲ್ಲಿ ಸೊನ್ನೆಯಾಗಿಯೂ ಓಡುತ್ತಿರುವ ಯಂತ್ರಗಳ ಸಾಲು ಕಂಡರೆ ಇದರ ತಿರುವುಮುರುವು.

ತಪ್ಪು ಸಿಕ್ಕ ಮೇಲೂ ಹುಷಾರು. ಹೊಸ ಮಾಹಿತಿಯಿಂದ ಅಂದಾಜು ಬದಲಾದರೆ ಅದರ ಪರಿಣಾಮ ಮುಂದಿನ ಅವಧಿಗಳಿಗೆ ಮಾತ್ರ. ಮೇಲಿನ ಯಂತ್ರದ ಆಯುಷ್ಯವನ್ನು 7ನೇ ವರ್ಷದ ಆರಂಭದಲ್ಲಿ 8 ವರ್ಷಕ್ಕೆ ಇಳಿಸಿದರೆ ಉಳಿದ ಎರಡು ವರ್ಷಕ್ಕೆ ತಲಾ 16 ಲಕ್ಷ. ಸಾಫ್ಟ್‌ವೇರ್‌ನಲ್ಲಿ 10 ಅಳಿಸಿ 8 ಎಂದು ಹೊಡೆದರೆ ಎರಡು ರೀತಿ ಕೆಡಬಹುದು. ಅದು 80 ಲಕ್ಷವನ್ನು 8ರಿಂದ ಭಾಗಿಸಿ 10 ಲಕ್ಷವಷ್ಟೇ ಹಾಕಿದರೆ ಕೊನೆಗೆ 12 ಲಕ್ಷ ಪುಸ್ತಕದಲ್ಲೇ ಉಳಿಯುತ್ತದೆ. ಮೊದಲ ವರ್ಷದಿಂದ ಮತ್ತೆ ಲೆಕ್ಕ ಹಾಕಿ ಹಳೆಯ ಬಾಕಿಯನ್ನೂ ಸೇರಿಸಿದರೆ 7ನೇ ವರ್ಷವೊಂದಕ್ಕೇ 22 ಲಕ್ಷ ಬೀಳುತ್ತದೆ. ಆಯುಷ್ಯ ಬದಲಾದ ಪ್ರತಿ ಸಾಲನ್ನೂ ಕೈಯಲ್ಲೇ ಲೆಕ್ಕ ಹಾಕಿ. ಆದರೆ ಆ ಪತ್ರ ಹಿಂದಿನ ವರ್ಷವೇ ಕೈಸೇರಿದ್ದರೆ ಇದು ಅಂದಾಜಿನ ಬದಲಾವಣೆಯಲ್ಲ, ಹಿಂದಿನ ಅವಧಿಯ ತಪ್ಪು; ಮೊತ್ತ ಗಣನೀಯವಾದರೆ ಐಎಎಸ್ 8ರಂತೆ ಹಿಂದಿನ ಅಂಕಿಗಳನ್ನೇ ತಿದ್ದಬೇಕು.

ಸವಕಳಿ ಶುರುವಾಗುವ ದಿನವನ್ನೂ ನೋಡಿ. ಆಸ್ತಿ ಬಳಕೆಗೆ ಸಿದ್ಧವಾದ ದಿನದಿಂದಲೇ ಅದು ಶುರು, ಕೊನೆಯ ಬಿಲ್ ಬಂದ ದಿನದಿಂದಲ್ಲ. ಪ್ರಾಯೋಗಿಕ ಚಾಲನೆಯ ವರದಿಯ ತಾರೀಖನ್ನು ರಿಜಿಸ್ಟರ್‌ನ ತಾರೀಖಿಗೆ ಹೋಲಿಸಿ. ಲಿಫ್ಟ್, ಹವಾನಿಯಂತ್ರಣದಂಥ ದೊಡ್ಡ ಭಾಗಗಳು ಕಟ್ಟಡದ ಆಯುಷ್ಯದೊಳಗೆ ಅಡಗಿದ್ದರೆ ಬೇರ್ಪಡಿಸಲು ಹೇಳಿ. ಯಂತ್ರ ಸುಮ್ಮನೆ ನಿಂತಿದೆಯೆಂದು ಸವಕಳಿ ನಿಲ್ಲಿಸಿದ್ದರೆ ಒಪ್ಪಬೇಡಿ. ಉತ್ಪಾದನೆಯ ಆಧಾರದ ಪದ್ಧತಿಯಲ್ಲಿ ಮಾತ್ರ ಅದು ಸೊನ್ನೆಯಾಗಬಹುದು.