ಯೆಜ್ಡಿ 250: ಆರು ವರ್ಷದ ಒಡನಾಟ ಮತ್ತು ಒಂದು ಆಯಿಲ್ ಸೀಲ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1983ರಲ್ಲಿ ತಯಾರಾದ ಯೆಜ್ಡಿ 250 ಮೋಟಾರ್ ಸೈಕಲ್ ಒಂದನ್ನು ನಾನು 2019ರ ದೀಪಾವಳಿಯ ಹೊತ್ತಿಗೆ 48,000 ರೂಪಾಯಿಗೆ ಕೊಂಡುಕೊಂಡೆ. 2022ರಲ್ಲಿ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ನಾಲ್ಕು ಸ್ಟ್ರೋಕಿನ ಹೊಸ ಗಾಡಿಯನ್ನು ಕುರಿತು ನಾನಿಲ್ಲಿ ಬರೆಯುತ್ತಿಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ, ಎರಡು ಸ್ಟ್ರೋಕಿನ ಹಳೆಯ ಗಾಡಿ ನನ್ನದು. ಅದರ ಅಳತೆ, ಶಕ್ತಿ, ತೂಕಗಳು ಈ ಗಾಡಿಯನ್ನು ಬಲ್ಲವರಿಗೆ ಬಾಯಿಪಾಠವಾಗಿಯೇ ಇರುವುದರಿಂದ ಅವನ್ನು ಬಿಟ್ಟು, ನನ್ನನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಡಿದ ಒಂದು ಕಾಯಿಲೆಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೇನೆ.

ನಾನು ಮೈಸೂರಿನಲ್ಲಿದ್ದುಕೊಂಡು ನಂಜನಗೂಡಿನ ಪ್ರೌಢಶಾಲೆಯಲ್ಲಿ ಪಾಠ ಮಾಡುವವನು. ವಾರದಲ್ಲಿ ಮೂರು ದಿನವಾದರೂ ಈ ಗಾಡಿಯಲ್ಲಿಯೇ ಹೋಗಿ ಬರುತ್ತೇನೆ. ಬೆಳಿಗ್ಗೆ ಪೆಟ್ರೋಲ್ ಟ್ಯಾಪನ್ನು ತಿರುಗಿಸಿ, ಕಾರ್ಬೊರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಬೆರಳ ತುದಿ ಒದ್ದೆಯಾಗುವವರೆಗೆ ಒತ್ತಿ, ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗಿ ನಿಲ್ಲುತ್ತದೆ. ಕೀಲಿ ಹಾಕದೆ ಎರಡು ಸಲ ನಿಧಾನವಾಗಿ ತುಳಿದು, ಕೀಲಿ ಹಾಕಿ ಮೂರನೆಯ ಸಲ ತುಳಿದಾಗ ಇಂಜಿನ್ ಹತ್ತಿಕೊಳ್ಳುವ ಆ ಗಳಿಗೆಯ ಸುಖವನ್ನು ಬೇರೆ ಯಾವ ವಾಹನವೂ ನನಗೆ ಕೊಟ್ಟಿಲ್ಲ. ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ 40 ಮಿಲಿಲೀಟರಿನಂತೆ 2ಟಿ ಎಣ್ಣೆಯನ್ನು (ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಅಳತೆಯ ಲೋಟದಲ್ಲಿ ಅಳೆದು ಮೊದಲು ಟ್ಯಾಂಕಿಗೆ ಸುರಿದು, ಅದರ ಮೇಲೆ ಪೆಟ್ರೋಲ್ ಹಾಕಿಸುತ್ತೇನೆ. ಬೀಳುವ ಪೆಟ್ರೋಲಿನ ರಭಸಕ್ಕೆ ಎಣ್ಣೆ ಚೆನ್ನಾಗಿ ಬೆರೆಯುತ್ತದೆ. ಆ ಅಳತೆಯ ಲೋಟ ಆರು ವರ್ಷದಿಂದ ನನ್ನ ಊಟದ ಚೀಲದಲ್ಲಿಯೇ ಇದೆ.

ಕೊಂಡ ಕೆಲವೇ ತಿಂಗಳಲ್ಲಿ ತೊಂದರೆ ಕಾಣಿಸಿಕೊಂಡಿತು. ತಣ್ಣಗಿದ್ದಾಗ ಚೆನ್ನಾಗಿಯೇ ನಿಲ್ಲುತ್ತಿದ್ದ ಐಡ್ಲಿಂಗ್ (ಗಾಡಿ ನಿಂತಿದ್ದಾಗ ಇಂಜಿನ್ ತಾನಾಗಿ ನಡೆಯುವ ನಿಧಾನದ ವೇಗ), ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿಯಾದ ಮೇಲೆ ತಾನಾಗಿಯೇ ಏರುವುದು, ಮರುಕ್ಷಣ ಕುಸಿಯುವುದು, ಸಿಗ್ನಲ್ಲಿನಲ್ಲಿ ಆರಿಹೋಗುವುದು ಮಾಡುತ್ತಿತ್ತು. ಅದರ ಜೊತೆಗೆ ಎಡಗಡೆಯಿಂದ ಲಟಪಟವೆಂಬ ಲೋಹದ ಸದ್ದೊಂದು ಶುರುವಾಯಿತು. ವೇಗ 40 ದಾಟಿದರೆ ಇವೆರಡೂ ಮಾಯವಾಗುತ್ತಿದ್ದವು. ರಸ್ತೆಯಲ್ಲಿ ಓಡಿಸಿ ನೋಡಿದವರೆಲ್ಲ ಗಾಡಿ ಚೆನ್ನಾಗಿದೆ ಎಂದೇ ಹೇಳಿ ಇಳಿಯುತ್ತಿದ್ದರು.

ಎರಡು ಸ್ಟ್ರೋಕಿನ ದೊಡ್ಡ ಸಿಂಗಲ್ ಸಿಲಿಂಡರ್ ಗಾಡಿ ಐಡ್ಲಿಂಗಿನಲ್ಲಿ ಗಡಿಯಾರದಂತೆ ಸಮನಾಗಿ ಬಡಿಯಬೇಕೆಂದು ನಿರೀಕ್ಷಿಸುವುದು ತಪ್ಪು. ಥ್ರಾಟಲ್ (ಆಕ್ಸಿಲರೇಟರ್) ಮುಚ್ಚಿದ್ದಾಗ ಸುಟ್ಟ ಹೊಗೆಯೆಲ್ಲ ಪೂರ್ತಿ ಹೊರಗೆ ಹೋಗದೆ ಉಳಿಯುವುದರಿಂದ ಪ್ರತಿ ಸುತ್ತಿಗೂ ಪೆಟ್ರೋಲ್ ಹತ್ತಿಕೊಳ್ಳುವುದಿಲ್ಲ, ಒಂದೊಂದು ಸುತ್ತು ಬಿಟ್ಟು ಹತ್ತುತ್ತದೆ. ಯೆಜ್ಡಿಯನ್ನು ಪ್ರೀತಿಸುವವರು ಮೆಚ್ಚುವ ಆ ನಿಧಾನದ ಬಡಿತ ಅದರಿಂದಲೇ ಬರುವುದು. ಆದರೆ ಆ ಬಡಿತ ಬಿಟ್ಟು ಬಿಟ್ಟು ಬಂದರೂ ಅದರ ಮಟ್ಟ ಸ್ಥಿರವಾಗಿರುತ್ತದೆ. ಐಡ್ಲಿಂಗ್ ಹೊಂದಿಸುವ ಸ್ಕ್ರೂ ಮುಟ್ಟದಿದ್ದರೂ ಮಟ್ಟವೇ ಏರಿಳಿಯುತ್ತಿದ್ದರೆ ಅದನ್ನು ಗಾಡಿಯ ಸ್ವಭಾವವೆಂದು ಸುಮ್ಮನಿರಬಾರದು, ಅದು ರೋಗ. ಈ ವ್ಯತ್ಯಾಸ ಕಿವಿಗೆ ತಿಳಿಯಲು ನನಗೆ ಒಂದು ವರ್ಷವೇ ಹಿಡಿಯಿತು.

ಆ ವರ್ಷದಲ್ಲಿ ನಾನು ಕಳೆದುಕೊಂಡ ಹಣವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮೊದಲ ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದು, ಏರ್ ಸ್ಕ್ರೂವನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಗೆ ಐಡ್ಲಿಂಗನ್ನೇ ಎತ್ತರಿಸಿ ಕಳಿಸಿದರು. ಸಿಗ್ನಲ್ಲಿನಲ್ಲಿ ಆರಿಹೋಗುವುದು ನಿಂತಿತಾದರೂ ಮೊದಲ ಗೇರ್ ಹಾಕಿದಾಗಲೆಲ್ಲ ಗೇರ್ ಬಾಕ್ಸ್ ಧಡ್ಡೆಂದು ಬಡಿದುಕೊಳ್ಳತೊಡಗಿತು. ಎರಡನೆಯ ಗ್ಯಾರೇಜಿನವರು ಸದ್ದು ಕೇಳಿ, ಟ್ಯಾಪೆಟ್ (ವಾಲ್ವುಗಳನ್ನು ಒತ್ತುವ ಭಾಗ) ಸರಿ ಮಾಡಿದರೆ ಹೋಗುತ್ತದೆ ಎಂದರು. ವಾಲ್ವುಗಳೇ ಇಲ್ಲದ ಇಂಜಿನ್ನಿಗೆ ಟ್ಯಾಪೆಟ್ ಎಲ್ಲಿಂದ ಬರಬೇಕು? ಅಲ್ಲಿಂದ ಗಾಡಿಯನ್ನು ಹಾಗೆಯೇ ವಾಪಸು ತಂದೆ. ಮೂರನೆಯವರು ಅದು ಪಿಸ್ಟನ್ ಸಡಿಲವಾದ ಸದ್ದೆಂದು ತೀರ್ಮಾನಿಸಿ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ), ಹೊಸ ಪಿಸ್ಟನ್, ರಿಂಗು ಹಾಕಿ 6,500 ರೂಪಾಯಿ ತೆಗೆದುಕೊಂಡರು. ಬೋರ್ ಕೂಡಿಕೊಳ್ಳಲೆಂದು ಸಾವಿರ ಕಿಲೋಮೀಟರ್ ಎಚ್ಚರದಿಂದ ಓಡಿಸಿದ ಮೇಲೆ ನೋಡಿದರೆ ಅದೇ ಐಡ್ಲಿಂಗ್, ಅದೇ ಲಟಪಟ. ಹೊಗೆ ಹೆಚ್ಚಾಗಿದೆ, 2ಟಿ ಎಣ್ಣೆಯನ್ನು 30 ಮಿಲಿಲೀಟರಿಗೆ ಇಳಿಸಿ ಎಂಬ ಸಲಹೆಯನ್ನೂ ಅಲ್ಲಿಯೇ ಕೊಟ್ಟರು, ನಾನು ಅದನ್ನು ಪಾಲಿಸಿಯೂ ಬಿಟ್ಟೆ. ಆಗ ಗಾಡಿಯನ್ನು ಮಾರಿಬಿಡಬೇಕೆಂದು ನಿಜವಾಗಿಯೂ ಮನಸ್ಸು ಮಾಡಿದ್ದೆ.

2022ರ ಬೇಸಗೆ ರಜೆಯಲ್ಲಿ ಸಹೋದ್ಯೋಗಿಯೊಬ್ಬರು ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಕರೆದುಕೊಂಡು ಹೋದರು. ಅವರು ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯನ್ನು ಇಪ್ಪತ್ತು ನಿಮಿಷ ಓಡಿಸಿಕೊಂಡು ಬರಲು ಹೇಳಿದರು. ಬಂದ ಮೇಲೆ ಇಂಜಿನ್ ಆರಿಸದೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಒಂದೊಂದು ಭಾಗಕ್ಕೂ ಇಟ್ಟು ಹಿಡಿಕೆಗೆ ಕಿವಿ ಹಚ್ಚಿದರು. ಸಿಲಿಂಡರಿನ ಮೇಲೆ ಸದ್ದು ಮಂದವಾಗಿತ್ತು, ಎಡಗಡೆಯ ಕವರಿನ ಮೇಲೆ ತೀಕ್ಷ್ಣವಾಗಿತ್ತು. ಆ ಕವರಿನೊಳಗೆ ಕ್ರ್ಯಾಂಕಿನಿಂದ (ಪಿಸ್ಟನ್ ತಿರುಗಿಸುವ ದಂಡ) ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ಇರುತ್ತದೆ. ಬಳಿಕ ಕಾರ್ಬೊರೇಟರ್ ಕೂರುವ ಜಾಗಕ್ಕೆ ಸೋಪಿನ ನೀರನ್ನು ಬ್ರಷ್ಷಿನಿಂದ ಸವರಿದರು. ಅಲ್ಲಿ ಗಾಳಿ ಎಳೆದುಕೊಳ್ಳುತ್ತಿದ್ದರೆ ಆ ಕ್ಷಣವೇ ಇಂಜಿನ್ನಿನ ಧ್ವನಿ ಬದಲಾಗಬೇಕಿತ್ತು, ಬದಲಾಗಲಿಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಕಪ್ಪಗೆ, ಎಣ್ಣೆ ಹಚ್ಚಿದಂತೆ ಹಸಿಯಾಗಿತ್ತು.

“ಮೇಷ್ಟ್ರೇ, ಗೇರ್ ಆಯಿಲ್ ಯಾವಾಗ ಹಾಕಿಸಿದ್ರಿ?” ಎಂದು ಕೇಳಿದರು. ಎರಡು ತಿಂಗಳಾಯಿತು ಎಂದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಮಟ್ಟ ನೋಡುವ ಸ್ಕ್ರೂ ಬಿಚ್ಚಿದರೆ ಒಂದು ಹನಿಯೂ ಹೊರಗೆ ಬರಲಿಲ್ಲ. ಆಗ ಅವರು ನನ್ನ ಮನೆಯಲ್ಲಿ ಗಾಡಿ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಬೀಳುತ್ತದೆಯೇ ಎಂದು ವಿಚಾರಿಸಿದರು. ಬೀಳುವುದಿಲ್ಲ ಎಂದೆ. “ನೆಲಕ್ಕೂ ಬಿದ್ದಿಲ್ಲ, ಒಳಗೂ ಇಲ್ಲ ಅಂದ್ರೆ ಇಂಜಿನ್ನೇ ಕುಡೀತಾ ಇದೆ” ಎಂದು ಹೇಳಿ ಕೈ ಒರೆಸಿಕೊಂಡರು.

ಅವರು ಅಂದು ತಿಳಿಸಿಕೊಟ್ಟದ್ದು ಹೀಗಿದೆ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು ಅಲ್ಲಿಂದ ಸಿಲಿಂಡರಿಗೆ ಏರಬೇಕಾದ್ದರಿಂದ, ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರಿನ ಸೀಲುಗಳು ಆ ಕೋಣೆಯನ್ನು ಬಿಗಿಯಾಗಿ ಮುಚ್ಚಿರಬೇಕು. ಥ್ರಾಟಲ್ ಮುಚ್ಚಿದಾಗ ಒಳಗಿನ ಎಳೆತ ಅತಿ ಜೋರಾಗಿರುತ್ತದೆ. ಎಡಗಡೆಯ ಸೀಲ್ ಒಣಗಿ ಗಟ್ಟಿಯಾಗಿದ್ದರೆ, ಆ ಎಳೆತಕ್ಕೆ ಪಕ್ಕದ ಪ್ರೈಮರಿ ಚೈನಿನ ಕೋಣೆಯಿಂದ ಗಾಳಿಯೂ ಗೇರ್ ಎಣ್ಣೆಯೂ ಒಳಕ್ಕೆ ನುಗ್ಗುತ್ತವೆ. ಬಿಸಿಗೆ ಎಣ್ಣೆ ತೆಳುವಾದಂತೆ ಸೋರಿಕೆ ಹೆಚ್ಚುತ್ತದೆ. ಥ್ರಾಟಲ್ ತೆರೆದಾಗ ಎಳೆತ ತಗ್ಗುತ್ತದೆ, ಒಳಗೆ ಬರುವ ಒಟ್ಟು ಗಾಳಿಯ ಮುಂದೆ ಈ ಸೋರಿಕೆ ಲೆಕ್ಕಕ್ಕೂ ಬರುವುದಿಲ್ಲ. ರಸ್ತೆಯಲ್ಲಿ ಗಾಡಿ ಗುಣವಾದಂತೆ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಸದ್ದಿನ ಮೂಲವೂ ಇದರಲ್ಲಿಯೇ ಇತ್ತು: ಐಡ್ಲಿಂಗ್ ಜಗ್ಗಿ ಜಗ್ಗಿ ನಡೆಯುವಾಗ ಚೈನ್ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ ಬಡಿದುಕೊಳ್ಳುತ್ತದೆ, ಸಾಲದ್ದಕ್ಕೆ ಎಣ್ಣೆಯೂ ಇಲ್ಲದೆ ಒಣಗಿಹೋಗಿತ್ತು. ಎರಡು ರೋಗಗಳೆಂದು ಎಲ್ಲರೂ ಬೇರೆ ಬೇರೆ ಮದ್ದು ಮಾಡಿದ್ದು ಒಂದೇ ರೋಗಕ್ಕೆ. 2ಟಿ ಎಣ್ಣೆ ಇಳಿಸಿದ್ದನ್ನು ಕೇಳಿ ಮಾತ್ರ ಅವರು ತುಂಬ ಬೇಸರಪಟ್ಟುಕೊಂಡರು. ಹೊಗೆಯಾಗುತ್ತಿದ್ದುದು ಗೇರ್ ಎಣ್ಣೆ, ನಾನು ಕಡಿಮೆ ಮಾಡಿದ್ದು ಬೇರಿಂಗನ್ನೂ ಪಿಸ್ಟನ್ನನ್ನೂ ಕಾಯುವ ಎಣ್ಣೆ.

ಕ್ರ್ಯಾಂಕ್ ಕೇಸ್ ಬಿಚ್ಚಿಸಿದ ಮೇಲೆ ಸೀಲನ್ನು ನನ್ನ ಕೈಗೆ ಕೊಟ್ಟರು. ಮೆತ್ತಗೆ ಬಾಗಬೇಕಾಗಿದ್ದ ಅದರ ಅಂಚು ಉಗುರಿನಂತೆ ಗಟ್ಟಿಯಾಗಿ, ಒತ್ತಿದರೆ ಚೂರಾಗುತ್ತಿತ್ತು. ಅಷ್ಟು ವರ್ಷವಾದ ರಬ್ಬರಿನಿಂದ ಇನ್ನೇನನ್ನೂ ಕೇಳಲಾಗದು, ತಯಾರಿಸಿದವರ ಮೇಲೆ ನನ್ನ ದೂರೇನೂ ಇಲ್ಲ. ಕೇಸ್ ಬಿಚ್ಚಿದ ಮೇಲೆ ಎರಡೂ ಸೀಲುಗಳನ್ನು, ಕ್ರ್ಯಾಂಕಿನ ಬೇರಿಂಗುಗಳನ್ನು, ಪ್ರೈಮರಿ ಚೈನನ್ನು ಒಟ್ಟಿಗೆ ಬದಲಾಯಿಸಿದ್ದಕ್ಕೆ ಕೂಲಿ ಸೇರಿ 11,000 ರೂಪಾಯಿ ಆಯಿತು. ಅದರಲ್ಲಿ ಸೀಲುಗಳ ಪಾಲು ತೀರ ಅಲ್ಪ, ಉಳಿದದ್ದೆಲ್ಲ ಅವುಗಳ ಬಳಿಗೆ ತಲುಪುವುದಕ್ಕಾದ ಖರ್ಚು ಎನ್ನಬಹುದು. ಕಾರ್ಖಾನೆ 1996ರಲ್ಲಿಯೇ ಮುಚ್ಚಿದ್ದರೂ ಮೈಸೂರಿನಲ್ಲಿ ಬಿಡಿಭಾಗಕ್ಕಾಗಿ ನಾನು ಪರದಾಡಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು.

ಆ ಸಂಜೆ ಗಾಡಿ ಬಿಸಿಯಾದ ಮೇಲೆಯೂ ಅದೇ ನಿಧಾನದ ಬಡಿತದಲ್ಲಿ, ಏರದೆ ಇಳಿಯದೆ, ಗ್ಯಾರೇಜಿನ ಮುಂದೆ ನಿಂತಿತ್ತು. ನಾನು ಐದು ನಿಮಿಷ ಅದರ ಪಕ್ಕದಲ್ಲಿಯೇ ನಿಂತು ಕೇಳಿದೆ. ಸದ್ದು ಪೂರ್ತಿ ಹೋಗಿಲ್ಲ, ಬೆಳಿಗ್ಗೆ ತಣ್ಣಗಿರುವಾಗ ಎಡಗಡೆಯಿಂದ ಸಣ್ಣಗೆ ಕೇಳಿಸುತ್ತದೆ, ಬಿಸಿಯಾದರೆ ನಿಲ್ಲುತ್ತದೆ. ಅದಕ್ಕೆ ಮತ್ತೆ ಕೈ ಹಾಕಿಸಲು ನನಗೆ ಇಷ್ಟವಿಲ್ಲ. ಮಳೆಗಾಲದಲ್ಲಿ ಎರಡು ವಾರ ನಿಲ್ಲಿಸಿದರೆ ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ನೀರು ಹೀರಿಕೊಂಡು ಐಡ್ಲಿಂಗಿಗೆ ಬೇರೆಯೇ ತೊಂದರೆ ಕೊಡುತ್ತದೆ. ಆಗ ಕಾರ್ಬೊರೇಟರಿನ ಫ್ಲೋಟ್ ಬಟ್ಟಲನ್ನು ಖಾಲಿ ಮಾಡಿ ಒರೆಸಿದರೆ ಸಾಕಾಗುತ್ತದೆ.

ಹಳೆಯ ಯೆಜ್ಡಿ ಕೊಳ್ಳಲು ಹೊರಟವರು ಮನೆ ಬಾಗಿಲಲ್ಲಿ ಒಂದು ಸುತ್ತು ಓಡಿಸಿ ಮುಂಗಡ ಕೊಡಬೇಡಿ. ಮಾರುವವರ ಅನುಮತಿ ಪಡೆದು ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ, ಬಿಸಿ ಇಂಜಿನ್ನಿನ ಐಡ್ಲಿಂಗನ್ನು ಕೇಳಿ. ಗಾಡಿ ಒಂದಷ್ಟು ಹೊತ್ತು ಆರಿ ನಿಂತ ಮೇಲೆ ಗೇರ್ ಎಣ್ಣೆಯ ಮಟ್ಟದ ಸ್ಕ್ರೂ ಬಿಚ್ಚಿಸಿ. ಎಣ್ಣೆ ಕಡಿಮೆಯಿದ್ದು ನೆಲದಲ್ಲಿ ಕಲೆಯೂ ಇಲ್ಲದಿದ್ದರೆ ಹತ್ತು ಹನ್ನೆರಡು ಸಾವಿರವನ್ನು ಬೆಲೆಯಲ್ಲಿ ಇಳಿಸಿ ಕೇಳಿ. ನನ್ನಂತೆ ಸಂಬಳದಲ್ಲಿ ಉಳಿಸಿ ಗಾಡಿ ಸಾಕುವವರಿಗೆ ಅದು ಸಣ್ಣ ಮೊತ್ತವಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ನಾನು ಆ ಸ್ಕ್ರೂ ಬಿಚ್ಚಿ ನೋಡುತ್ತೇನೆ. ಮೊನ್ನೆಯ ಭಾನುವಾರವೂ ಎಣ್ಣೆ ತೂತಿನ ಅಂಚಿನವರೆಗೆ ಬಂದು ಒಂದು ಹನಿ ಹೊರಗೆ ಜಾರಿತು.