ಚಾವಣಿ ಶೀಟಿನ ಬಣ್ಣದ ದಪ್ಪ: ಮುಟ್ಟಿ ಅಳೆಯುವ ಗೇಜೋ, ಮೈಕ್ರೋವೇವ್ ಸೆನ್ಸರೋ?

ಕೊಡಗಿನ ಮಳೆಗೆ ಬಣ್ಣ ತೆಳುವಾದ ಕಡೆಯಿಂದಲೇ ತುಕ್ಕು ಶುರು. ಹಾಗಾಗಿ ಅಳತೆ ಬೇಕೇ ಬೇಕು. ಯಾವುದರಿಂದ ಅನ್ನುವುದು ಕೆಲಸದ ಮೇಲೆ ಹೋಗುತ್ತದೆ.

ಮಡಿಕೇರಿಯ ಮನೆ ಚಾವಣಿಗೋ ಕಾಫಿ ಗೋದಾಮಿಗೋ ಹಾಕಿದ ಉಕ್ಕಿನ ಶೀಟಾದರೆ ಮ್ಯಾಗ್ನೆಟಿಕ್ ಗೇಜ್ ಸಾಕು; ಅದು ಕೆಳಗಿನ ಉಕ್ಕು ಎಷ್ಟು ದೂರದಲ್ಲಿದೆ ಎಂದು ಅಯಸ್ಕಾಂತದಿಂದ ಅಳೆಯುತ್ತದೆ. ಬಣ್ಣವಿಲ್ಲದ ಅದೇ ಲೋಹದ ಮೇಲೆ ಸೊನ್ನೆ ಮಾಡಿ, ದಪ್ಪ ಗೊತ್ತಿರುವ ಹಾಳೆಯಿಟ್ಟು ಪರೀಕ್ಷಿಸಿ, ಅಂಚು ಬಿಟ್ಟು ಒಂದೇ ಜಾಗದಲ್ಲಿ ಮೂರು ಸಲ ಒತ್ತಿ ಸರಾಸರಿ ತೆಗೆಯಿರಿ. ಜಿಐ (ಸತು ಲೇಪಿಸಿದ ಉಕ್ಕು) ಶೀಟಿನಲ್ಲಿ ಎಚ್ಚರ: ಸತುವಿಲ್ಲದ ಬರಿ ಉಕ್ಕಿನ ಮೇಲೆ ಸೊನ್ನೆ ಮಾಡಿದ್ದರೆ ಗೇಜ್ ಸತುವನ್ನೂ ಸೇರಿಸಿ ತೋರಿಸುತ್ತದೆ. ಎರಡೂ ಬದಿ ಸೇರಿ ಚದರ ಮೀಟರಿಗೆ 275 ಗ್ರಾಂ ಸತುವಿದ್ದರೆ ಆಗ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕಳೆಯಬೇಕು. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯದು; ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅಳೆಯುವ ಎಡ್ಡಿ ಕರೆಂಟ್ ಪ್ರೋಬ್ ಬೇಕು.

ಮೈಕ್ರೋವೇವ್ ಸೆನ್ಸರ್ ಮುಟ್ಟುವುದೇ ಇಲ್ಲ; ಅಲೆ ಬಿಟ್ಟು, ಮರಳಿ ಬಂದದ್ದರಿಂದ ದಪ್ಪ ಲೆಕ್ಕ ಹಾಕುತ್ತದೆ. ಓಡುವ ಶೀಟನ್ನೂ ಹಸಿ ಬಣ್ಣವನ್ನೂ ಅಳೆಯಬಹುದು. ಆದರೆ 10 ಗಿಗಾಹರ್ಟ್ಸ್ ಅಲೆಯ ಉದ್ದ 30 ಮಿಲಿಮೀಟರ್. ಲೋಹಕ್ಕೆ ಅಂಟಿದ 60 ಮೈಕ್ರಾನ್ ಪದರ ಅದಕ್ಕೆ ಕಾಣುವುದೇ ಕಷ್ಟ, ಏಕೆಂದರೆ ಲೋಹದ ಮೈಯಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆಗೆ ಹತ್ತಿರ. ಮಿಲಿಮೀಟರ್ ದಪ್ಪದ ರಬ್ಬರ್, ಎಪಾಕ್ಸಿ ಲೈನಿಂಗ್‌ಗೆ ಚೆನ್ನಾಗಿ ಒಗ್ಗುತ್ತದೆ. ಶೀಟ್ ಅಲುಗಿದರೆ, ಬಣ್ಣದ ಬಗೆ ಬದಲಾದರೆ ಅಳತೆ ತಪ್ಪುತ್ತದೆ. ಜುಲೈಯ ಮಂಜಿನಲ್ಲಿ ಮೇಲೆ ಕೂತ ನೀರಿನ ಪಸೆಯೊಂದೇ ಸಾಕು: ನೀರಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ) ಒಣ ಬಣ್ಣದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಒರೆಸಿ, ಒಣಗಿಸಿಯೇ ಅಳೆಯಿರಿ.